ನೂರು ಕೆಜಿ ಅಂಜೂರ ಒಣಗಿದರೆ ಎಷ್ಟು?

ನೂರು ಕೆಜಿ ಹಸಿ ಅಂಜೂರದಲ್ಲಿ ಸುಮಾರು 80 ಕೆಜಿ ನೀರೇ. ತೇವವನ್ನು ಶೇ 22ಕ್ಕೆ ಇಳಿಸಿದರೆ ಕೈಗೆ ಬರುವುದು 25 ಕೆಜಿ ಚಿಲ್ಲರೆ. ಕೊಯ್ಲಿನ ಹೊತ್ತಿಗೆ ಡ್ರಿಪ್‌ನಲ್ಲಿ ನೀರು ಹಾಯಿಸಿ ಹಣ್ಣಿನ ನೀರು ಶೇ 84ಕ್ಕೇರಿದರೆ ಅದೇ ನೂರು ಕೆಜಿಗೆ ಸಿಗುವುದು 20 ಚಿಲ್ಲರೆ. ಹಸಿ ಹಣ್ಣು ತೂಗಿ ಮಾರುವವರಿಗೆ ಈ ನೀರು ಲಾಭ, ಒಣಗಿಸುವವರಿಗೆ ಐದು ಕೆಜಿ ಖೋತಾ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಡಿ ಬಳ್ಳಾರಿಗೆ ಅಂಜೂರ, ಕೊಪ್ಪಳಕ್ಕೆ ಪೇರಲ, ರಾಯಚೂರಿಗೆ ಮೆಣಸಿನಕಾಯಿ ಗೊತ್ತಾಗಿವೆ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಶುರುಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕಕ್ಕೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಆದರೆ ಡ್ರೈಯರ್ ತಂದು ನಿಲ್ಲಿಸುವ ಮುಂಚೆ ತೋಟದವರ ಜೊತೆ ನೀರು ನಿಲ್ಲಿಸುವ ದಿನ ಮಾತಾಡಿಕೊಳ್ಳದಿದ್ದರೆ ಲೆಕ್ಕ ಕೂಡುವುದಿಲ್ಲ.

ಅಂಗಡಿಯಲ್ಲಿ ಹಗ್ಗಕ್ಕೆ ಪೋಣಿಸಿ ತೂಗುಹಾಕಿರುವ ಅಂಜೂರ ಬಹುಪಾಲು ಅಫ್ಘಾನಿಸ್ತಾನದ್ದು. ಬಳ್ಳಾರಿಯದು ಹಾಗೇಕೆ ಒಣಗುವುದಿಲ್ಲ ಎಂದು ಕೇಳುವವರಿದ್ದಾರೆ. ಅಂಜೂರ ಅತ್ತಿ, ಆಲ, ಅರಳಿಯ ಬಳಗ. ಹೂವೆಲ್ಲ ಹಣ್ಣಿನ ಒಳಗೇ. ಟರ್ಕಿಯ ಹೆಸರಾಂತ ಸ್ಮಿರ್ನಾ ತಳಿಗೆ ಒಂದು ಸಣ್ಣ ಕಣಜ ಒಳಹೊಕ್ಕು ಪರಾಗ ಕೊಡಲೇಬೇಕು, ಇಲ್ಲದಿದ್ದರೆ ಕಾಯಿ ಉದುರುತ್ತದೆ. ಪರಾಗ ಸಿಕ್ಕ ಬೀಜದಿಂದಲೇ ಅದಕ್ಕೆ ಆ ಗೋಡಂಬಿಯಂಥ ರುಚಿ. ಅಲ್ಲಿ ಹಣ್ಣು ಮರದಲ್ಲೇ ಅರ್ಧ ಒಣಗಿ ತಾನಾಗಿ ಬೀಳುತ್ತದೆ. ನಮ್ಮ ತಳಿ ಪರಾಗವಿಲ್ಲದೆ ಹಣ್ಣಾಗುತ್ತದೆ, ಬೀಜ ಟೊಳ್ಳು. ಮರದಲ್ಲೇ ಬಿಟ್ಟರೆ ಹಕ್ಕಿಯ ಪಾಲಾಗುತ್ತದೆ, ಇಲ್ಲವೇ ಹುಳಿಯುತ್ತದೆ. ಇದನ್ನು ಹೊರದೇಶದ ಆ ಅಂಜೂರಗಳ ಹಾಗೆ ಮಾಡಹೊರಡುವುದೇ ತಪ್ಪು ದಾರಿ ಎನ್ನಬೇಕು.

ತೊಟ್ಟಿನ ಹತ್ತಿರ ಕತ್ತು ಬಾಗಿ ಹಣ್ಣು ಮೆತ್ತಗಾದಾಗ ಬೆಳಗಿನ ತಂಪಿನಲ್ಲೇ ಕೊಯ್ಯಬೇಕು. ಎಳೆಯದನ್ನು ಕಿತ್ತರೆ ತೊಟ್ಟಿನಿಂದ ಬಿಳಿ ಸೊನೆ ಜಿನುಗುತ್ತದೆ. ಅದರಲ್ಲಿರುವ ಫೈಸಿನ್ ಎಂಬ ಕಿಣ್ವ ಪ್ರೋಟೀನು ಕರಗಿಸುವಂಥದ್ದು. ಕೈಗವಸಿಲ್ಲದೆ ದಿನವಿಡೀ ಕಿತ್ತವರ ಬೆರಳು ಉರಿಯುವುದು ಈ ಸೊನೆಯಿಂದ. ಹಣ್ಣು ಒಂದೆರಡು ದಿನಕ್ಕಿಂತ ತಡೆಯದು, ಹಾಗಾಗಿ ಅಂದೇ ಕೆಲಸಕ್ಕೆ ಹಚ್ಚಬೇಕು. ತೊಳೆಯುವಾಗ ನೀರಲ್ಲಿ ನೆನೆಯಲು ಬಿಡಬಾರದು, ತಳದಲ್ಲಿರುವ ಕಣ್ಣಿನಂಥ ಸಣ್ಣ ತೂತಿನಿಂದ ನೀರು ಒಳಗಿಳಿಯುತ್ತದೆ. ಕುದಿನೀರಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ 55ರಿಂದ 60 ಡಿಗ್ರಿಯಲ್ಲಿ ಇಡುವುದು. ಅವಸರಕ್ಕೆ 75ಕ್ಕೆ ಏರಿಸಿದರೆ ಸಿಪ್ಪೆ ಚರ್ಮದಂತೆ ಬಿಗಿದು ಒಳಗಿನ ನೀರು ಒಳಗೇ ಉಳಿಯುತ್ತದೆ. ಹೊರಗೆ ಮುಟ್ಟಿದರೆ ಗಟ್ಟಿ, ಹದಿನೈದು ದಿನಕ್ಕೆ ಪೊಟ್ಟಣ ಬಿಚ್ಚಿದರೆ ಹೆಂಡದ ವಾಸನೆ. ಒಣಗಿದ್ದನ್ನು ಕೂಡಲೇ ಪ್ಯಾಕ್ ಮಾಡದೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟರೆ ಹೆಚ್ಚು ತೇವವಿದ್ದ ಹಣ್ಣಿನಿಂದ ಕಡಿಮೆಯಿದ್ದದ್ದಕ್ಕೆ ತೇವ ಹರಿದು ಎಲ್ಲ ಹಣ್ಣೂ ಒಂದೇ ಹದಕ್ಕೆ ಬರುತ್ತವೆ.

ಬಿಸಿಲು ಬಳ್ಳಾರಿಯಲ್ಲಿ ಪುಕ್ಕಟೆಯೇನೋ ಹೌದು. ಆದರೆ ತಾಡಪತ್ರಿಯ ಮೇಲೆ ಹರಡಿದ ಅಂಟು ಹಣ್ಣಿಗೆ ಮೆತ್ತಿದ ಕೆಂಪು ಧೂಳು ಆಮೇಲೆ ತೊಳೆದರೂ ಹೋಗದು. ಪ್ಲಾಸ್ಟಿಕ್ ಹೊದಿಕೆಯ ಸೌರ ಡ್ರೈಯರ್ ಮೇಲು, ರಾತ್ರಿ ಬಾಗಿಲು ಮುಚ್ಚಿದ್ದರೆ ಮಾತ್ರ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ನೆಲಕ್ಕೆ ಬಿದ್ದ, ಬಿರಿದ ಹಣ್ಣಿನ ಮೂಲಕ ಆಸ್ಪರ್ಜಿಲಸ್ ಬೂಷ್ಟು ಒಳಹೊಕ್ಕು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿಸುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಒಣ ಅಂಜೂರಕ್ಕೆ ಯುರೋಪ್ ಒಕ್ಕೂಟದ ಮಿತಿ ಕೆಜಿಗೆ ಒಟ್ಟು 10 ಮೈಕ್ರೋಗ್ರಾಂ. ಟರ್ಕಿಯ ಕಾರ್ಖಾನೆಗಳಲ್ಲಿ ಕತ್ತಲ ಕೋಣೆಯಲ್ಲಿ ನೇರಳಾತೀತ ದೀಪದಡಿ ಹಣ್ಣು ಹಾಯಿಸಿ, ಹಸಿರು-ಹಳದಿಯಾಗಿ ಹೊಳೆದದ್ದನ್ನು ಆರಿಸಿ ಎಸೆಯುತ್ತಾರೆ. ಇಲ್ಲಿ ಒಂದು ದೀಪ, ಒಂದು ಕತ್ತಲೆ ಕೋಣೆಗೆ ಭಾರಿ ಬಂಡವಾಳವೇನೂ ಬೇಡ.

ಆಕಾರಗೆಟ್ಟ, ಆದರೆ ಬೂಷ್ಟಿಲ್ಲದ ಹಣ್ಣು ಜಾಮಿಗೆ ಹೋಗಲಿ. ಒಂದು ಎಚ್ಚರ: ಅಂಜೂರ ಹುಳಿ ಹಣ್ಣಲ್ಲ, ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಹೆಚ್ಚಾಗಿ 4.6ರ ಮೇಲೇ ಇರುತ್ತದೆ. ತಿರುಳನ್ನು ಡಬ್ಬಿಯಲ್ಲಿ ತುಂಬಿಡುವವರು ನಿಂಬೆರಸವನ್ನೋ ಸಿಟ್ರಿಕ್ ಆಮ್ಲವನ್ನೋ ಸೇರಿಸಿ ಅದಕ್ಕಿಂತ ಕೆಳಗಿಳಿಸದಿದ್ದರೆ, ಗಾಳಿಯಿಲ್ಲದ ಡಬ್ಬಿಯೊಳಗೆ ಜೀವ ತೆಗೆಯಬಲ್ಲ ವಿಷ ಹುಟ್ಟಿಸುವ ಬಾಟುಲಿಸಂ ಬ್ಯಾಕ್ಟೀರಿಯಾ ಬೆಳೆಯಲು ಜಾಗ ಸಿಗುತ್ತದೆ. ಪಿಎಚ್ ಮೀಟರನ್ನು ಪ್ರತಿ ಬ್ಯಾಚಿಗೂ ಅದ್ದಿ ನೋಡಬೇಕು, ನಾಲಿಗೆಯ ಮೇಲೆ ನಂಬಿಕೆ ಇಡಬಾರದು.