ಶರಣಾಗತಿ ಎಂದರೆ ಕೈಚೆಲ್ಲುವುದೇ?

ಯಾರೋ ಜೀವ ಕಳೆದುಕೊಂಡ ಸುದ್ದಿಗೆ ‘ನೇಣಿಗೆ ಶರಣು’ ಎಂಬ ತಲೆಬರಹ ಓದಿ ಓದಿ ಸಾಕಾಗಿದೆ. ಈ ವಾರ ಮತ್ತೆ ಕಣ್ಣಿಗೆ ಬಿತ್ತು. ಅದೇ ದಿನ, ಇದ್ದಕ್ಕಿದ್ದಂತೆ ದೊಡ್ಡ ಕಾಯಿಲೆ ಅಂಟಿದ ಒಬ್ಬರಿಗೆ ಅವರ ಬಂಧುಗಳು ‘ಸಾಕು, ಇನ್ನು ಒದ್ದಾಡಬೇಡಿ, ದೇವರಿಗೆ ಶರಣಾಗಿಬಿಡಿ’ ಎಂದು ಸಮಾಧಾನ ಹೇಳಿದ್ದನ್ನೂ ಕೇಳಿದೆ. ಎರಡರ ಹಿಂದೆಯೂ ಇರುವುದು ಒಂದೇ ತಪ್ಪು: ಶರಣಾಗತಿ ಎಂದರೆ ಸೋಲೊಪ್ಪಿ ಕೈಚೆಲ್ಲುವುದು ಎಂಬ ತಿಳಿವಳಿಕೆ.

ಸಂಸ್ಕೃತ ನಿಘಂಟು ಅಮರಕೋಶ ‘ಶರಣ’ ಎಂಬ ಪದಕ್ಕೆ ಕೊಡುವ ಅರ್ಥಗಳು ಎರಡು: ‘ಶರಣಂ ಗೃಹರಕ್ಷಿತ್ರೋಃ’. ಶರಣ ಎಂದರೆ ಮನೆ, ಶರಣ ಎಂದರೆ ಕಾಪಾಡುವವನು. ‘ಆಗತಿ’ ಎಂದರೆ ಬರುವುದು. ಸ್ವಾಗತ, ಅಭ್ಯಾಗತಗಳಲ್ಲಿರುವ ‘ಆಗತ’ದ ಒಡಹುಟ್ಟು. ಶರಣ, ಆಗತಿ ಸೇರಿದಾಗ ಸವರ್ಣದೀರ್ಘ ಸಂಧಿಯಾಗಿ ಶರಣಾಗತಿ. ಇದನ್ನು ‘ಶರಣಾ’, ‘ಗತಿ’ ಎಂದು ಒಡೆದು ‘ಬೇರೆ ಗತಿಯಿಲ್ಲದ ಸ್ಥಿತಿ’ ಎಂದು ವಿವರಿಸುವವರಿದ್ದಾರೆ. ದಯವಿಟ್ಟು ಬೇಡ. ಪದದೊಳಗೆ ಸೋಲೂ ಇಲ್ಲ, ಹತಾಶೆಯೂ ಇಲ್ಲ. ಇರುವುದು ಕಾಯುವವನ ಮನೆಗೆ ನಡೆದು ಬರುವ ಕ್ರಿಯೆ. ಹಳಗನ್ನಡದ ‘ಮರೆವೊಗು’ ಹೇಳುವುದೂ ಇದನ್ನೇ: ಮರೆಯೊಳಗೆ ಹೊಗುವುದು, ಆಸರೆಯೊಳಕ್ಕೆ ಕಾಲಿಡುವುದು. (‘ಮೊರೆಹೋಗು’ ಬೇರೆ. ಮೊರೆ ಎಂದರೆ ಕೂಗು, ಅಹವಾಲು. ಎರಡನ್ನೂ ಕಲಸುವವರು ಬಹಳ.)

ಅರ್ಥ ಜಾರಿದ್ದಕ್ಕೆ ನಮ್ಮ ‘ಗೆ’ ಪ್ರತ್ಯಯವೂ ಒಂದಿಷ್ಟು ಕಾರಣವಿರಬೇಕು. ‘ದೇವರಿಗೆ ಶರಣಾದ’, ‘ಪೊಲೀಸರಿಗೆ ಶರಣಾದ’, ‘ಶತ್ರುಸೇನೆಗೆ ಶರಣಾದ’ ಎಲ್ಲಕ್ಕೂ ಒಂದೇ ಅಚ್ಚು. ಸೈನಿಕನ ಮಾತನ್ನಾದರೂ ಒಪ್ಪಬಹುದು. ಆಯುಧ ಕೆಳಗಿಟ್ಟವನು ಕೊನೆಗೆ ಕೇಳುವುದು ಜೀವದ ರಕ್ಷಣೆಯನ್ನೇ. ನೇಣು ಮನೆಯೂ ಅಲ್ಲ, ಕಾಪಾಡುವುದೂ ಇಲ್ಲ. ‘ನಿನಗೊಂದು ಸೂರಿದೆ, ಬಾ’ ಎನ್ನುವ ಮಾತನ್ನು, ಯಾವ ಸೂರೂ ಕಾಣದೆ ಹೋದವರ ಸಾವಿಗೆ ಅಂಟಿಸುತ್ತಿದ್ದೇವೆ. ಸಾವು ಎಂದಷ್ಟೇ ಬರೆದರೆ ಸಾಕು.

ಇನ್ನು ಕೈಚೆಲ್ಲುವ ಮಾತು. ಶರಣಾಗತಿಗೆ ಎಲ್ಲರೂ ಕೊಡುವ ಉದಾಹರಣೆ ವಿಭೀಷಣ. ಅವನು ರಾಮನಲ್ಲಿಗೆ ಬಂದದ್ದು ನಾಲ್ವರು ಜೊತೆಗಾರರೊಂದಿಗೆ, ಆಯುಧಗಳ ಸಮೇತ. ಒಮ್ಮೆ ‘ನಾನು ನಿನ್ನವನು’ ಎಂದು ಬೇಡಿದವನಿಗೂ ಅಭಯ ಕೊಡುವುದು ನನ್ನ ವ್ರತ ಎಂದು ರಾಮ ಹೇಳಿದ್ದು ಆಗಲೇ. ಅಭಯ ಸಿಕ್ಕ ಮೇಲೆ ವಿಭೀಷಣ ಶಿಬಿರದಲ್ಲಿ ಮಲಗಲಿಲ್ಲ, ಯುದ್ಧಕ್ಕಿಳಿದ. ಗೀತೆಯಲ್ಲೂ ಹಾಗೆಯೇ. 18ನೇ ಅಧ್ಯಾಯದ 66ನೇ ಶ್ಲೋಕದಲ್ಲಿ ಕೃಷ್ಣ ‘ಮಾಮೇಕಂ ಶರಣಂ ವ್ರಜ’ ಎನ್ನುತ್ತಾನೆ. ‘ವ್ರಜ’ ಎಂಬುದೇ ನಡೆಯಲು ಹೇಳುವ ಕ್ರಿಯಾಪದ. ಏಳು ಶ್ಲೋಕ ದಾಟಿದರೆ ಅರ್ಜುನನ ಉತ್ತರ: ‘ಕರಿಷ್ಯೇ ವಚನಂ ತವ’, ನಿನ್ನ ಮಾತಿನಂತೆ ಮಾಡುತ್ತೇನೆ. ಶರಣಾದವನು ಎದ್ದು ನಿಂತ. ಮೊದಲ ಅಧ್ಯಾಯದಲ್ಲಿ ಬಿಲ್ಲು ಬಿಸುಟು ಕುಸಿದು ಕೂತದ್ದು ಶರಣಾಗತಿಯಲ್ಲ, ವಿಷಾದ; ಆ ಅಧ್ಯಾಯದ ಹೆಸರೇ ಅದು.

ಪಾಂಚರಾತ್ರ ಎಂಬ ವೈಷ್ಣವ ಆಗಮ ಪರಂಪರೆಯ ಗ್ರಂಥ ಅಹಿರ್ಬುಧ್ನ್ಯ ಸಂಹಿತೆ ಶರಣಾಗತಿಗೆ ಆರು ಅಂಗಗಳನ್ನು ಹೇಳುತ್ತದೆ. ಎಲ್ಲವನ್ನೂ ಇಲ್ಲಿ ಬಿಡಿಸುವುದಿಲ್ಲ. ನನಗೆ ಬಹಳ ಹತ್ತಿರವಾದದ್ದು ‘ರಕ್ಷಿಷ್ಯತೀತಿ ವಿಶ್ವಾಸಃ’, ಕಾಪಾಡುವನು ಎಂಬ ನಂಬಿಕೆ. ಕ್ರಿಯಾಪದದ ಕಾಲ ಗಮನಿಸಿ: ಭವಿಷ್ಯತ್ತು. ‘ದೇವರು ಕಾಪಾಡಿದ’ ಎನ್ನುವುದು ಕಷ್ಟ ಕಳೆದ ಮೇಲಿನ ಮಾತು, ಅದು ಕೃತಜ್ಞತೆ. ಶರಣಾಗತಿಯ ಜಾಗ ಅದಕ್ಕಿಂತ ಹಿಂದೆ, ಕೆಲಸ ಹೋಗಿ ಹೊಸದು ಸಿಗದಿರುವಾಗ, ರಿಪೋರ್ಟ್ ಇನ್ನೂ ಬರದಿರುವಾಗ. ಕಷ್ಟ ಎದುರಿಗೇ ಇದೆ, ನಂಬಿಕೆ ಮಾತ್ರ ಬಂದಾಗಿದೆ. ಆದ್ದರಿಂದ ‘ನಿಜವಾಗಿ ಶರಣಾಗಿದ್ದರೆ ಈ ಕಷ್ಟ ಬರುತ್ತಿತ್ತೇ?’ ಎಂದು ನೊಂದವರನ್ನು ಚುಚ್ಚುವುದು ಕ್ರೂರ, ಜೊತೆಗೆ ವ್ಯಾಕರಣಕ್ಕೂ ವಿರುದ್ಧ.

ಭಯಪಟ್ಟರೆ ನಂಬಿಕೆ ಸಾಲದು ಎನ್ನುವವರೂ ಇದ್ದಾರೆ. ಆರರಲ್ಲಿ ಇನ್ನೊಂದು ‘ಕಾರ್ಪಣ್ಯ’, ನನ್ನ ಕೈಲಿ ಆಗುತ್ತಿಲ್ಲ ಎಂಬ ದೈನ್ಯ. ಮತ್ತೊಂದು ‘ಗೋಪ್ತೃತ್ವವರಣ’, ನೀನೇ ಕಾಯಬೇಕು ಎಂದು ಬಾಯಿಬಿಟ್ಟು ಕೇಳುವುದು. ಅಳಲೂ ಬೇಡಿಕೆಯೂ ಶರಣಾಗತಿಯ ಒಳಗೇ ಇವೆ. ಆ ಕಾಯಿಲೆಯವರು ಹೊತ್ತು ಹೊತ್ತಿಗೆ ಮಾತ್ರೆ ನುಂಗಿ, ಮುಂದಿನ ಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡು, ರಾತ್ರಿ ‘ಹೆದರಿಕೆಯಾಗುತ್ತಿದೆ, ಕಾಪಾಡಪ್ಪಾ’ ಎಂದು ಅತ್ತರೆ, ಅವರು ಆಗಲೇ ಶರಣಾಗಿದ್ದಾರೆ.