ವಾರದ ಲೆಕ್ಕ ಯಾರೂ ಹೇಳಿಕೊಡುತ್ತಿಲ್ಲ

"ಎರಡೂವರೆ ತಿಂಗಳು ಆಗಿರಬಹುದು ಮೇಡಂ." ಹದಿನೈದು, ಹದಿನಾರರ ಹುಡುಗಿಯನ್ನು ಓಪಿಡಿಗೆ ಕರೆತರುವ ತಾಯಂದಿರು ಸಾಮಾನ್ಯವಾಗಿ ಹೀಗೇ ಹೇಳುತ್ತಾರೆ. ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ಗರ್ಭಕ್ಕೆ ಐದು ತಿಂಗಳು ದಾಟಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಗರ್ಭದ ವಾರಗಳನ್ನು ನಾವು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗಂಡು ಹೆಣ್ಣು ಸೇರಿದ ದಿನದಿಂದ ಅಲ್ಲ, ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ. ಜನವರಿ 1ಕ್ಕೆ ಮುಟ್ಟಾದ ಹುಡುಗಿಗೆ ಜನವರಿ 29ರ ಸುಮಾರಿಗೆ ಮತ್ತೆ ಆಗಬೇಕಿತ್ತು, ಆಗಲಿಲ್ಲ ಅಂದುಕೊಳ್ಳಿ. ಅವತ್ತಿಗೇ ನಾಲ್ಕು ವಾರ ಮುಗಿದಿರುತ್ತದೆ. "ಮುಂದಿನ ತಿಂಗಳು ನೋಡೋಣ" ಅಂತ ಫೆಬ್ರವರಿ 26ರವರೆಗೆ ಕಾದರೆ ಎಂಟು ವಾರ. ಇನ್ನೊಂದು ಸಲ ಕಾದರೆ ಹನ್ನೆರಡು. ಮನೆಯವರ ಲೆಕ್ಕದಲ್ಲಿ ಅದಿನ್ನೂ ಎರಡು ತಿಂಗಳು. ಮೇ 21ಕ್ಕೆ ಇಪ್ಪತ್ತು ವಾರ.

ಈ ವಯಸ್ಸಿನಲ್ಲಿ ಇನ್ನೊಂದು ತೊಂದರೆ ಇದೆ. ದೊಡ್ಡವಳಾದ ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ. ಹಾಗಾಗಿ ತಪ್ಪಿದರೂ ಯಾರಿಗೂ ಅನುಮಾನ ಬರುವುದಿಲ್ಲ. ಗರ್ಭ ನಿಂತ ಮೇಲೂ ಕೆಲವರಿಗೆ ಒಂದಿಷ್ಟು ರಕ್ತ ಕಾಣಿಸಿಕೊಳ್ಳುತ್ತದೆ. ಅದನ್ನೇ ಮುಟ್ಟು ಅಂದುಕೊಂಡು ಸುಮ್ಮನಾಗುತ್ತಾರೆ. ಒಬ್ಬ ತಾಯಿ ಮಗಳಿಗೆ ರಕ್ತ ಕಮ್ಮಿ ಇದೆ ಅಂತ ಟಾನಿಕ್ ಕುಡಿಸುತ್ತಲೇ ಇದ್ದರು. ಆ ಖಾಲಿ ಬಾಟಲಿಯನ್ನು ಚೀಲದಿಂದ ತೆಗೆದು ನನ್ನ ಟೇಬಲ್ ಮೇಲೆ ಇಟ್ಟರು, ಇಷ್ಟೆಲ್ಲ ಮಾಡಿದ್ದೀನಲ್ಲ ಅನ್ನುವ ಹಾಗೆ. ಹುಡುಗಿ ವೇಲ್‌ನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು.

ವಾರಕ್ಕೆ ಇಷ್ಟು ಬೆಲೆ ಯಾಕೆ? ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದಮೇಲೆ ಗರ್ಭಪಾತಕ್ಕೆ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಹದಿನೆಂಟು ತುಂಬದವರಿಗೆ ಇಪ್ಪತ್ತು ದಾಟಿ ಇಪ್ಪತ್ನಾಲ್ಕು ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು. ಜೊತೆಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಇಪ್ಪತ್ನಾಲ್ಕು ದಾಟಿದರೆ ಹೆಚ್ಚಿನವರಿಗೆ ಉಳಿಯುವುದು ಕೋರ್ಟಿನ ದಾರಿ. ಒಂದೊಂದು ಕೇಸೂ ಬೇರೆ, ಇಲ್ಲಿ ಓದಿದ್ದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಲೆಕ್ಕ ಗೊತ್ತಿದ್ದರೂ ತಡಮಾಡುವವರು ಪೊಲೀಸ್ ಭಯಕ್ಕೆ ತಡಮಾಡುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ವೈದ್ಯರಾದ ನಾವು ಪೊಲೀಸರಿಗೆ ಮಾಹಿತಿ ಕೊಡಲೇಬೇಕು, ಹುಡುಗಿಗೆ ಮದುವೆಯಾಗಿದ್ದರೂ ಅಷ್ಟೇ. ಆದರೆ ಇಬ್ಬರ ಒಪ್ಪಿಗೆಯ ಸಂಬಂಧವಾಗಿದ್ದು, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಆ ವರದಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಇದು ಗೊತ್ತಿಲ್ಲದೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಿ, ರಕ್ತಸ್ರಾವ ನಿಲ್ಲದೆ ರಾತ್ರೋರಾತ್ರಿ ಓಡಿ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶಾಲೆಯಲ್ಲಿ ಇದನ್ನು ಹೇಳಿಕೊಡಬಾರದಾ? 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡ ಅಂದವು. ಚಿತ್ರಪಟಗಳು ಅಶ್ಲೀಲ, ನಮ್ಮ ಸಂಸ್ಕೃತಿಗೆ ಒಗ್ಗಲ್ಲ ಅನ್ನುವ ವಾದ. 2025ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು 8ರಿಂದ 12ನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ತರುವುದಾಗಿ ಹೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಅನ್ನುವ ಮಾತು ಇನ್ನೂ ನಿಂತಿಲ್ಲ. ಅದು ತಪ್ಪು ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನು ಇದು ಬರೀ ಓಡಿಹೋಗುವ ಹುಡುಗಿಯರ ಸಮಸ್ಯೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅವರಿಗೂ ಈ ಲೆಕ್ಕ ಗೊತ್ತಿರುವುದಿಲ್ಲ.

ಒಂದು ಹೈಸ್ಕೂಲಿಗೆ ಮಾತಾಡಲು ಹೋಗಿದ್ದೆ. ಗಂಡುಮಕ್ಕಳನ್ನೆಲ್ಲ ಕಬಡ್ಡಿಗೆ ಕಳಿಸಿದ್ದರು. ಅವರೂ ಇರಲಿ ಅಂದರೆ, "ಎಸ್‌ಡಿಎಂಸಿಯವರು ಗಲಾಟೆ ಮಾಡ್ತಾರೆ ಮೇಡಂ" ಅಂದರು ಹೆಡ್‌ಮಾಸ್ಟರು. ಹುಡುಗಿಯರಿಗೆ ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಯಲು ಹೇಳಿದೆ. ಮುತ್ತು ಕೊಟ್ಟರೆ ಗರ್ಭ ಆಗುತ್ತಾ ಅಂತ ಇತ್ತು, ಮುಟ್ಟಾದಾಗ ಮೊಸರು ತಿನ್ನಬಹುದಾ ಅಂತ ಇತ್ತು. ಒಂದರಲ್ಲಿ ಮಾತ್ರ ಪೆನ್ಸಿಲಿನಲ್ಲಿ, ಬರೆದು ಅಳಿಸಿ ಮತ್ತೆ ಬರೆದ ಸಾಲು: "ಡೇಟ್ ತಪ್ಪಿದರೆ ಎಷ್ಟು ದಿನ ಕಾಯಬೇಕು?"

ಒಂದು ವಾರ ಸಾಕಮ್ಮ. ಆಮೇಲೆ ಮೂತ್ರ ಪರೀಕ್ಷೆ ಮಾಡಿಸಬೇಕು. ಆಶಾ ಕಾರ್ಯಕರ್ತೆಯರ ಹತ್ತಿರ ನಿಶ್ಚಯ್ ಕಿಟ್ ಉಚಿತವಾಗಿ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದೇ ನಿಮ್ಮ ವಯಸ್ಸಿನವರಿಗೆ. ತಾಯಂದಿರೇ, ಮಗಳ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ತಪ್ಪಿದೆ ಅನ್ನಿಸಿದರೆ ಬೈಯುವುದು ಆಮೇಲೆ ಇರಲಿ, ಈ ವಾರವೇ ಕರೆದುಕೊಂಡು ಬನ್ನಿ.