ಅಗ್ಗದ ಬಾಡಿಗೆ, ದುಬಾರಿ ದಾರಿ: ಓಣಿ ಸಮೀಕ್ಷೆ ಎಲ್ಲಿ ತಪ್ಪುತ್ತದೆ

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ತಿಂಗಳಿಗೆ 4,000 ರೂಪಾಯಿ ಬಾಡಿಗೆ ಕಟ್ಟುತ್ತಿದ್ದ ಮನೆಯವರು, ಊರಾಚೆಯ ಲೇಔಟಿನಲ್ಲಿ 2,000ಕ್ಕೇ ಮನೆ ಸಿಕ್ಕಿತೆಂದು ಗಂಟುಮೂಟೆ ಕಟ್ಟಿದರು ಎಂದಿಟ್ಟುಕೊಳ್ಳಿ. ದುಡಿಯುವವರು ಇಬ್ಬರು. ಟಂಟಂಗೆ, ಅಂದರೆ ಶೇರ್ ಆಟೊಗೆ, ಹೋಗಲು 20, ಬರಲು 20. ತಿಂಗಳಿಗೆ 25 ದಿನ ಕೆಲಸವಿದ್ದರೆ ಒಬ್ಬರಿಗೆ 1,000, ಇಬ್ಬರಿಗೆ 2,000. ಬಾಡಿಗೆಯಲ್ಲಿ ಉಳಿದದ್ದು ದಾರಿಯಲ್ಲೇ ಕರಗಿತು. ಇದು ಕಲ್ಪಿತ ಲೆಕ್ಕ. ಆದರೆ ಇಂಥ ಮನೆ ಸಮೀಕ್ಷೆಗೆ ಸಿಕ್ಕಾಗ ಏನಾಗುತ್ತದೆಂದು ನೋಡಿ: ವಸತಿ ಅಧ್ಯಯನ ಮಾಡುವವರ ಪಟ್ಟಿಯಲ್ಲಿ ಅದು ‘ಬಾಡಿಗೆ ಹೊರೆ ಕಡಿಮೆ’, ಸಾರಿಗೆ ಅಧ್ಯಯನದವರ ಪಟ್ಟಿಯಲ್ಲಿ ‘ಶೇರ್ ಆಟೊ ಬಳಕೆದಾರರು’. ಎರಡು ವಿಭಾಗ, ಎರಡು ವರದಿ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಕೂಡಿಸುವವರಿಲ್ಲ.

ಕೂಡಿಸುವ ಪದ್ಧತಿ ಹೊಸದೇನಲ್ಲ. ಷಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಮನೆ ಮತ್ತು ಓಡಾಟದ ಖರ್ಚನ್ನು ಒಟ್ಟಿಗೆ ಲೆಕ್ಕ ಹಾಕುವ ಸೂಚ್ಯಂಕ ರೂಪಿಸಿದೆ. ಮನೆಗೆ ಆದಾಯದ ಶೇ 30ಕ್ಕಿಂತ ಹೆಚ್ಚು ಹೋಗಬಾರದು ಎಂಬ ಹಳೆಯ ಅಳತೆಯ ಬದಲು, ಮನೆ ಮತ್ತು ದಾರಿ ಎರಡೂ ಸೇರಿ ಶೇ 45 ದಾಟಬಾರದು ಎಂಬುದು ಅದರ ಮಿತಿ. ಆ ಅಂಕಿಯನ್ನು ಎತ್ತಿ ತಂದು ರಾಯಚೂರಿಗೆ ಅಂಟಿಸಿದರೆ ಕೆಲಸ ಕೆಡುತ್ತದೆ. ಅಮೆರಿಕದಲ್ಲಿ ಓಡಾಟದ ಖರ್ಚಿನ ದೊಡ್ಡ ಪಾಲು ಕಾರಿನದು. ನಮ್ಮಲ್ಲಿ ದೊಡ್ಡ ನಷ್ಟ ಕಾಣುವುದು ಖರ್ಚಿನ ಕಾಲಂನಲ್ಲಲ್ಲ. ರಾತ್ರಿ ಒಂಬತ್ತಕ್ಕೆ ಬಿಡುವ ಜೀನ್ಸ್ ಹೊಲಿಗೆ ಘಟಕದಿಂದ ಮನೆಗೆ ಬರಲು ಗಾಡಿ ಇಲ್ಲವೆಂದು ಕೆಲಸವನ್ನೇ ಬಿಟ್ಟ ಹೆಣ್ಣುಮಗಳ ದಾರಿ ಖರ್ಚು ಸೊನ್ನೆ. ಪಟ್ಟಿಯಲ್ಲಿ ಅವಳೇ ಎಲ್ಲರಿಗಿಂತ ಅನುಕೂಲಸ್ಥೆ! ಆದ್ದರಿಂದ ‘ದೂರದ ಕಾರಣಕ್ಕೆ ಕಳೆದೊಂದು ವರ್ಷದಲ್ಲಿ ಬಿಟ್ಟ ಕೆಲಸ, ಬಿಟ್ಟ ಶಾಲೆ, ಮುಂದೂಡಿದ ದವಾಖಾನೆ’ ಎಂಬ ಕಾಲಂ ನಮ್ಮ ಪ್ರಶ್ನಾವಳಿಗೆ ಬೇಕೇ ಬೇಕು.

ಇನ್ನೊಂದು ಸೊನ್ನೆಯೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಖರ್ಚು ಇಳಿದದ್ದು ನಿಜ. ಆದರೆ ಬಸ್ಸಿಗಾಗಿ ಕಾದ ಹೊತ್ತು, ನಿಲ್ದಾಣದವರೆಗೆ ನಡೆದ ಹೊತ್ತು ಬರೆದುಕೊಳ್ಳದಿದ್ದರೆ ದಿನಕ್ಕೆರಡು ಬಸ್ ಇರುವ ಲೇಔಟೂ ಹತ್ತು ನಿಮಿಷಕ್ಕೊಂದು ಬಸ್ ಇರುವ ರಸ್ತೆಯೂ ಸರಿಸಮ ಆಗಿಬಿಡುತ್ತವೆ.

ಎಷ್ಟು ಮನೆ ಕೇಳಬೇಕು? ಸಾರಿಗೆ ಎಂಜಿನಿಯರಿಂಗ್ ಪಠ್ಯಗಳಲ್ಲಿ ಅಮೆರಿಕದ ಹಳೆಯ ರಸ್ತೆ ಇಲಾಖೆಯ ಪಟ್ಟಿಯೊಂದು ಈಗಲೂ ಓಡುತ್ತಿದೆ: ಜನಸಂಖ್ಯೆ 50,000ದಿಂದ 1.5 ಲಕ್ಷವಿದ್ದರೆ 8 ಮನೆಗೊಂದು, 3 ಲಕ್ಷದವರೆಗೆ 10ಕ್ಕೊಂದು, 5 ಲಕ್ಷದವರೆಗೆ 15ಕ್ಕೊಂದು. 2011ರ ಗಣತಿಯಂತೆ ಕೊಪ್ಪಳದಲ್ಲಿ ಸುಮಾರು 70 ಸಾವಿರ, ರಾಯಚೂರಿನಲ್ಲಿ 2.3 ಲಕ್ಷ, ಬಳ್ಳಾರಿಯಲ್ಲಿ 4 ಲಕ್ಷಕ್ಕೆ ತುಸು ಹೆಚ್ಚು ಜನ. ಮೂರು ಊರು ಮೂರು ಸಾಲಿಗೆ ಬೀಳುತ್ತವೆ. ಇಡೀ ನಗರದ ಅಧ್ಯಯನಕ್ಕೆ ಇದು ಸರಿ. ಎಂ.ಎ. ವಿದ್ಯಾರ್ಥಿಗಳ ತಂಡಕ್ಕೆ ಅಷ್ಟು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಒಂದೆರಡು ಬಡಾವಣೆ ಆರಿಸಿ, ತಲಾ 100 ಮನೆ ಕೇಳಿದರೆ ಉತ್ತರದ ಏರುಪೇರು (ನಿಜವಾದ ಅಂಕಿಗಿಂತ ಮೇಲೆ ಅಥವಾ ಕೆಳಗೆ) ಶೇ 10ರಷ್ಟು. ಅದನ್ನು ಶೇ 5ಕ್ಕೆ ಇಳಿಸಲು 200 ಸಾಲದು, 400 ಬೇಕು. ಈ ಲೆಕ್ಕ ಗೊತ್ತಿಲ್ಲದೆ 60 ಮನೆ ಕೇಳಿ ‘ಶೇ 43.3 ಮಂದಿ’ ಎಂದು ದಶಮಾಂಶ ಬರೆಯುವ ಪ್ರಬಂಧಗಳಿಗೆ ನಮ್ಮಲ್ಲಿ ಬರವಿಲ್ಲ.

ಎಷ್ಟು ಮನೆ ಎಂಬುದಕ್ಕಿಂತ ಯಾವ ಮನೆ ಎಂಬುದೇ ಕಷ್ಟದ ಪ್ರಶ್ನೆ. ಪಾಲಿಕೆಯ ಆಸ್ತಿ ತೆರಿಗೆ ಪಟ್ಟಿಯಲ್ಲಿ ಮಾಲೀಕರಿರುತ್ತಾರೆ, ಬಾಡಿಗೆದಾರರಿರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹಳ್ಳಿಯಲ್ಲೇ ಹೆಸರು ಉಳಿಸಿಕೊಂಡು ಇಲ್ಲಿಗೆ ದುಡಿಯಲು ಬಂದವರಿರುವುದಿಲ್ಲ. ತಗಡಿನ ಶೆಡ್ಡು ಎರಡರಲ್ಲೂ ಇಲ್ಲ. ಹಾಗಾಗಿ ಮೊದಲ ಎರಡು ದಿನ ಪ್ರಶ್ನಾವಳಿ ಚೀಲದಲ್ಲೇ ಇರಲಿ. ಓಣಿ ಓಣಿ ನಡೆದು ಒಲೆ ಎಣಿಸಿ. ಒಂದೇ ಬಾಗಿಲೊಳಗೆ ಮೂರು ಅಡುಗೆಯಾದರೆ ಮೂರು ಕುಟುಂಬ; ಜನಗಣತಿ ಬಳಸುವುದೂ ಇದೇ ಒಂದೇ ಅಡುಗೆಯ ವ್ಯಾಖ್ಯೆ. ಆ ಪಟ್ಟಿಗೆ ಕ್ರಮಸಂಖ್ಯೆ ಹಾಕಿ. 15ಕ್ಕೊಂದು ಬೇಕಾದರೆ 1ರಿಂದ 15ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ 15ನೆಯದು.

ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆರಿಸಿದ ಮನೆಗೆ ಬೀಗ. ಸಮೀಕ್ಷೆಯ ಹುಡುಗ ಪಕ್ಕದ ಕಟ್ಟೆಯ ಮೇಲೆ ಕೂತ ಅಜ್ಜಿಯನ್ನು ಕೇಳಿಕೊಂಡು ಫಾರಂ ತುಂಬಿಬಿಡುತ್ತಾನೆ. ಬೀಗ ಬಿದ್ದದ್ದೇ ಆ ಮನೆಯವರೆಲ್ಲ ದುಡಿಯಲು ದೂರ ಹೋಗಿದ್ದಾರೆಂದು. ಬೇಕಾಗಿದ್ದ ಮಾಹಿತಿಯೇ ಅದು; ಅದನ್ನೇ ಬಿಟ್ಟು, ಎಲ್ಲಿಗೂ ಹೋಗದವರ ಲೆಕ್ಕ ತಂದಂತಾಯಿತು. ಬೀಗವಿದ್ದ ಮನೆಗೆ ಮೂರು ಸಲ ಹೋಗಬೇಕು: ಮುಂಜಾನೆ ಏಳರೊಳಗೆ, ರಾತ್ರಿ ಎಂಟರ ಸುಮಾರಿಗೆ, ಒಂದು ಭಾನುವಾರ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಬೇಕು. ಬದಲಿ ಮನೆ ಬೇಡ.

ಕಾಲವೂ ಮುಖ್ಯ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ, ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ ದಿನ ಬಂದರೆ, ಊರಂಚಿನ ಓಣಿಗಳಿಂದ ಹೆಣ್ಣುಮಕ್ಕಳು ನಸುಕಿನಲ್ಲೇ ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಹತ್ತಿ ಹೊಲದ ಕಡೆ ಹೋಗುತ್ತಾರೆ. ಬೇಸಿಗೆಯಲ್ಲಿ ಅದೇ ಓಣಿಯ ಅರ್ಧ ಜನ ಗುಳೆ ಹೋಗಿರಬಹುದು. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇನಲ್ಲಿ ಮಾಡಿದ ಸಮೀಕ್ಷೆ ವಿಶ್ವವಿದ್ಯಾಲಯದ ಕ್ಯಾಲೆಂಡರಿಗೆ ಒಗ್ಗುತ್ತದೆ, ಓಣಿಗಲ್ಲ. ಎರಡು ಹಂಗಾಮಿನಲ್ಲಿ ಅರ್ಧರ್ಧ ಮಾಡುವುದೇ ಮೇಲು. ಅಂದಹಾಗೆ, ನಿಲ್ದಾಣಕ್ಕೆ 500 ಮೀಟರ್ ನಡೆಯಬಹುದೆಂಬ ಸಾಮಾನ್ಯ ಅಳತೆ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿಗೆ ಹೊಂದದು. ಮೀಟರ್ ಜತೆಗೆ ದಾರಿಯಲ್ಲಿ ನೆರಳಿದೆಯೋ ಇಲ್ಲವೋ ಬರೆಯಿರಿ.

ಪ್ರಶ್ನೆಯ ಮಾತೂ ಉತ್ತರವನ್ನು ಬದಲಿಸುತ್ತದೆ. ‘ದಿನಕ್ಕೆ ಎಷ್ಟು ಪ್ರಯಾಣ ಮಾಡುತ್ತೀರಿ?’ ಎಂದರೆ ಜನ ಬೆಂಗಳೂರಿಗೆ ಹೋದದ್ದನ್ನು ಹೇಳುತ್ತಾರೆ. ‘ನಿನ್ನೆ ಮುಂಜಾನೆ ಎದ್ದಾಗಿಂದ ರಾತ್ರಿ ಮಲಗೋತನಕ ಎಲ್ಲೆಲ್ಲಿ ಹೋಗಿ ಬಂದ್ರಿ?’ ಎಂದು ಕೇಳಬೇಕು. ನಲ್ಲಿಗೆ, ರೇಷನ್ ಅಂಗಡಿಗೆ, ಮಗುವನ್ನು ಅಂಗನವಾಡಿಗೆ ಬಿಡಲು ಹೋದದ್ದೂ ಸೇರಲಿ. ‘ಮುಖ್ಯ ವಾಹನ ಯಾವುದು’ ಎಂಬ ಒಂದೇ ಖಾನೆ ಬೇಡ. ನಡೆದದ್ದು, ಕಾದದ್ದು, ಟಂಟಂ, ಮತ್ತೆ ನಡೆದದ್ದು ಬೇರೆ ಬೇರೆ ಇರಲಿ. ಕಿಲೋಮೀಟರ್ ಕೇಳಬೇಡಿ, ಜಾಗದ ಹೆಸರು ಕೇಳಿ. ದೂರವನ್ನು ನಕ್ಷೆಯಲ್ಲಿ ನೀವೇ ಅಳೆಯಿರಿ. ಯಜಮಾನ ಹೇಳಿದ ಹೆಂಡತಿಯ ಓಡಾಟ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆಕೆಯನ್ನೇ ಕೇಳಬೇಕು, ಕೇಳುವವಳೂ ಹೆಣ್ಣಾದರೆ ಒಳ್ಳೆಯದು. ಬಳ್ಳಾರಿ, ರಾಯಚೂರಿನಲ್ಲಿ ತೆಲುಗು, ಉರ್ದು ಬರುವವರು ತಂಡದಲ್ಲಿರದಿದ್ದರೆ ಕೆಲವು ಓಣಿಗಳು ಕೈಬಿಟ್ಟು ಹೋದಂತೆ.

ಮನೆಯಲ್ಲಿ ಬರೆದುಕೊಂಡದ್ದನ್ನು ರಸ್ತೆಯಲ್ಲಿ ತಾಳೆ ನೋಡಬೇಕು. ಊರನ್ನು ಸೀಳುವ ರೈಲು ಹಳಿ ಇದಕ್ಕೆ ಅನುಕೂಲ: ದಾಟುವ ಗೇಟು, ಮೇಲ್ಸೇತುವೆ, ಕೆಳಸೇತುವೆ ಬೆರಳೆಣಿಕೆಯಷ್ಟೇ. ಎಲ್ಲ ಕಡೆ ಒಂದೇ ದಿನ ಇಬ್ಬಿಬ್ಬರನ್ನು ಕೂರಿಸಿ 15 ನಿಮಿಷಕ್ಕೊಮ್ಮೆ ಎಣಿಕೆ ಬರೆಯಿಸಿ. ಗಾಡಿಯಷ್ಟೇ ಅಲ್ಲ, ಒಳಗಿನ ತಲೆಗಳನ್ನೂ ಎಣಿಸಬೇಕು. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ, ಆಯಾ ಬಗೆಯ ವಾಹನ ಒಟ್ಟು ಸಂಚಾರದಲ್ಲಿ ಶೇ 10 ಅಥವಾ ಹೆಚ್ಚಿದ್ದಾಗ, ರಸ್ತೆಯ ಮೇಲೆ ಬೀಳುವ ಹೊರೆಯ ಲೆಕ್ಕದಲ್ಲಿ ಕಾರು 1 ಎಂದರೆ ಬೈಕು 0.75, ಆಟೊ 2, ಬಸ್ಸು 3.7. ಎಂಟು ಜನ ಕೂತ ಟಂಟಂನಲ್ಲಿ ತಲೆಗೆ ಬರುವುದು 0.25. ಒಬ್ಬನೇ ಹೊರಟ ಬೈಕಿನವನಿಗೆ 0.75, ಇಬ್ಬರಿರುವ ಕಾರಿನಲ್ಲಿ ತಲೆಗೆ 0.5, ನಲವತ್ತು ಜನರ ಬಸ್ಸಿನಲ್ಲಿ 0.1ಕ್ಕೂ ಕಡಿಮೆ. ‘ಟಂಟಂಗಳಿಂದಲೇ ಜಾಮ್’ ಎಂಬ ಮಾತಿಗೆ ಈ ನಾಲ್ಕು ಅಂಕಿ ಮುಂದಿಡಬಹುದು. ಅವು ಸರ್ಕಲ್ಲಿನ ನಡುವೆ ನಿಲ್ಲುವುದು ಬೇರೆ ದೂರು, ಅದಕ್ಕೆ ಬೇಕಾದದ್ದು ನಿಲ್ಲಲು ಜಾಗ.

ಫಲಿತಾಂಶ ಎಲ್ಲಿಗೆ ಕೊಡಬೇಕು? 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನ ಇರುತ್ತದೆ. ಸರ್ವೆ ನಂಬರ್, ನಕ್ಷೆ, ಅಂಕಿ ಸಮೇತ ಕೊಟ್ಟ ಆಕ್ಷೇಪಣೆಗೆ ಅಲ್ಲಿ ತೂಕವಿದೆ. ಆದರೆ ಕರಡಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಅಷ್ಟರಲ್ಲಿ ಸಾರಿಗೆ ನಿಗಮದ ಡಿಪೊಗೆ ಒಂದೇ ಹಾಳೆ ಕೊಡಿ, ನೂರು ಪುಟದ ವರದಿಯಲ್ಲ: ಯಾವ ಲೇಔಟು, ಯಾವ ನಿಲ್ದಾಣ, ಎಷ್ಟು ಗಂಟೆಗೆ, ಹತ್ತುವವರು ಎಷ್ಟು, ಎಲ್ಲಿಗೆ. ರಾತ್ರಿ ಒಂಬತ್ತೂಕಾಲಿಗೆ ಕೌಲ್‌ಬಜಾರಿನಿಂದ ಹೊರಡಬೇಕಾದವರು ಇಷ್ಟು ಜನ ಎಂಬ ಸಾಲು ಆ ಹಾಳೆಯ ಮೊದಲಿಗಿರಲಿ.